ಸಾಲಿಡ್ ಬ್ಲಾಕ್, ಎಎಸಿ ಬ್ಲಾಕ್, ಹಳೇ ಮಣ್ಣುಗೋಡೆ: ಮೂರೂ ಒಂದೇ ಮನೇಲಿ ಇಟ್ಕೊಂಡು ನೋಡಿದ್ದು

ಮನೆಗೆ ಯಾವ ಬ್ಲಾಕ್ ಹಾಕ್ಲಿ ಅಂತ ಕೇಳೋರಿಗೆ ನಾನು ತಿರುಗಿ ಕೇಳೋದು ಒಂದೇ, ಸೈಟು ಬೇಲೂರಿಂದ ಹಾಸನದ ಕಡೆಗೋ ಮೂಡಿಗೆರೆ ಕಡೆಗೋ. ಹಾಸನದಿಂದ ಬಸ್ಸಲ್ಲಿ ಬಂದು ಬೇಲೂರು ದಾಟಿ ಮೂಡಿಗೆರೆ ಕಡೆ ಹೋಗ್ತಾ ಹೋಗ್ತಾ ತಾರಸಿ ಮನೆಗಳ ಮೇಲೂ ಶೀಟೋ ಹೆಂಚೋ ಕೂತಿರೋದು ಕಾಣುತ್ತೆ, ಶೋಕಿಗೆ ಯಾರೂ ಹಾಕ್ಸಿರಲ್ಲ. ಹಾಸನ ಟೌನಿನ ಮಳೆಗೂ ಮೂಡಿಗೆರೆ ಮಳೆಗೂ ಎರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಇದೆ, ಬಯಲುಸೀಮೆ ಪ್ಲಾನ್ ತಂದು ಇಲ್ಲಿ ಕಟ್ಟಿದ್ರೆ ಪುನರ್ವಸು ಮಳೆ ಹಿಡಿಯೋ ಹೊತ್ತಿಗೆ ಎಲ್ಲಾ ಗೊತ್ತಾಗ್ಬಿಡುತ್ತೆ.

ನಮ್ಮನೆ ಮೂಡಿಗೆರೆ ಹತ್ರ, ಕಾಫಿ ದುಡ್ಡು ಬಂದಂಗೆ ಬಂದಂಗೆ ಕಟ್ಟಿದ್ದು. ಹಿಂದುಗಡೆ ತಾತನ ಕಾಲದ್ದು, ಒಂದೂವರೆ ಅಡಿ ದಪ್ಪದ ಮಣ್ಣುಗೋಡೆ, ಮೇಲೆ ಮಂಗಳೂರು ಹೆಂಚು. ಮುಂದ್ಗಡೆ 2017ರಲ್ಲಿ ಆರಿಂಚು ಸಾಲಿಡ್ ಬ್ಲಾಕಲ್ಲಿ (ಗಟ್ಟಿ ಕಾಂಕ್ರೀಟ್ ಇಟ್ಟಿಗೆ) ಹಾಲ್ ಮತ್ತೆ ಎರಡು ರೂಮು ಎಬ್ಬಿಸಿದ್ವಿ, ಪಕ್ಕದಲ್ಲಿ 2021ರಲ್ಲಿ ಎಂಟಿಂಚು ಎಎಸಿ ಬ್ಲಾಕಲ್ಲಿ (ಒಳಗೆ ಗಾಳಿ ಗುಳ್ಳೆ ಇರೋ ಹಗುರ ಕಾಂಕ್ರೀಟ್ ಬ್ಲಾಕ್) ಅಡುಗೆಮನೆ ಮತ್ತೆ ಒಂದು ಬೆಡ್‌ರೂಮು. ಪ್ಲಾನ್ ಮಾಡಿ ಹಿಂಗೆ ಮಾಡಿದ್ದಲ್ಲ, ಆದ್ರೆ ಒಂದೇ ಮಳೆ ಒಂದೇ ಬಿಸಿಲಿಗೆ ಮೂರು ಥರದ ಗೋಡೆ ಪಕ್ಕಪಕ್ಕದಲ್ಲಿ ಹೆಂಗೆ ನಡ್ಕೊಳ್ಳುತ್ತೆ ಅಂತ ದಿನಾ ನೋಡೋ ಹಂಗಾಯ್ತು.

ಮೊದ್ಲು ಸಾಲಿಡ್ ಬ್ಲಾಕ್. ಗಟ್ಟಿತನದಲ್ಲಿ ಮಾತಿಲ್ಲ, ಒಂದೊಂದು ಬ್ಲಾಕ್ 25 ಕೆಜಿ ಹತ್ರ ಬರುತ್ತೆ, ಮೊಳೆ ಹೊಡಿ, ಟಿವಿ ನೇತಾಕು, ಗೀಸರ್ ನೇತಾಕು, ಏನೂ ಆಗಲ್ಲ, ಎಲ್ಲಾ ಮೇಸ್ತ್ರಿಗಳಿಗೂ ಕೈ ಪಳಗಿರೋ ಕೆಲಸ. ಮೊದಲ ಎರಡು ಮಳೆಗಾಲ ಗೋಡೇಲಿ ಸಣ್ಣಸಣ್ಣ ಕಲೆ ಬಿಟ್ರೆ ತಲೆ ಕೆಡಿಸ್ಕೊಳ್ಳೋ ಅಂಥದ್ದು ಏನೂ ಇರ್ಲಿಲ್ಲ. 2019ರ ಆಗಸ್ಟ್ ಮಳೆ ನಮ್ಮ ಕಡೆಯೋರು ಯಾರೂ ಮರೆಯೋ ಹಂಗಿಲ್ಲ, ಆ ವರ್ಷ ಪಶ್ಚಿಮದ ರೂಮಲ್ಲಿ ಗೋಡೆಗೆ ಒತ್ತಿ ಇಟ್ಟಿದ್ದ ಬೀರು ಬಾಗಿಲು ತೆಗೆದ್ರೆ ಅಮ್ಮನ ಧಾರೆ ಸೀರೆ ಮಡಿಕೆ ಮೇಲೆ ಬೂದಿ ಉದುರಿಸಿದಂಗೆ ಬೂಷ್ಟು, ಜರಿ ಕಪ್ಪಾಗಿ ಹೋಗಿತ್ತು. ಬೀರು ಎಳೆದ್ರೆ ಹಿಂದೆ ನೆಲದಿಂದ ಸೊಂಟದ ಮಟ್ಟಕ್ಕೆ ಪೇಂಟ್ ಗುಳ್ಳೆ ಎದ್ದು, ಗುಳ್ಳೆ ಒಡೆದಲ್ಲಿ ಬಿಳೀ ಉಪ್ಪು ಹತ್ತಿಯಂಗೆ ಅರಳಿತ್ತು. ಅಮ್ಮ ಸೀರೆ ಮಡಿಲಲ್ಲಿ ಇಟ್ಕೊಂಡು "ಗೋಡೆ ಬೆವರ್ತದೆ ಕಣೋ ಮಗಾ, ನಾನು ಅವತ್ತೇ ಹೇಳಿದ್ನಲ್ಲ" ಅಂದ್ರು.

ಬೆವರ್ತಿದೆಯೋ ಸೋರ್ತಿದೆಯೋ ಅನ್ನೋದು ಗೊತ್ತಾಗದೆ ದುಡ್ಡು ಸುರಿಯೋದು ದಂಡ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ, ಯಾರ್ ಬೇಕಾದ್ರೂ ಮಾಡ್ಬೋದು. ದಪ್ಪ ಪ್ಲಾಸ್ಟಿಕ್ ಹಾಳೆ ಒಂದಡಿ ಚೌಕಕ್ಕೆ ಕತ್ತರಿಸಿ, ಒಳಗೋಡೇನ ಬಟ್ಟೇಲಿ ಒರೆಸಿ, ನಾಕೂ ಕಡೆ ಟೇಪ್ ಹಾಕಿ ಗಾಳಿ ಆಡದಂಗೆ ಅಂಟಿಸಿ ಎರಡು ದಿನ ಬಿಡಿ. ನೀರಿನ ಹನಿ ಹಾಳೆ ಹಿಂದೆ, ಅಂದ್ರೆ ಗೋಡೆ ಕಡೆ ಇದ್ರೆ ಗೋಡೆಯೊಳಗಿಂದ ಬರ್ತಿದೆ ಅಂತ. ರೂಮಿನ ಕಡೆ ಹನಿ ಕಟ್ಟಿದ್ರೆ ಅದು ನಮ್ಮ ಉಸಿರು, ಅಡುಗೆ ಹಬೆ, ಒಳಗೆ ಒಣಗಾಕಿದ ಬಟ್ಟೆ ತೇವ, ತಣ್ಣಗಿರೋ ಗೋಡೆಗೆ ಬಡಿದು ನೀರಾಗಿದ್ದು. ನಮ್ಮಲ್ಲಿ ಪಶ್ಚಿಮ ಗೋಡೇಲಿ ಹಿಂದೆ, ಉತ್ತರದ ಗೋಡೇಲಿ ಮುಂದೆ! ಎರಡು ಬೇರೆಬೇರೆ ಕಾಯಿಲೆ, ಅಲ್ಲೀತನಕ ಎರಡಕ್ಕೂ ಒಂದೇ ವಾಟರ್‌ಪ್ರೂಫ್ ಪೇಂಟ್ ಬಳೀತಿದ್ವಿ. ಉತ್ತರದ ರೂಮಿಗೆ ಆಮೇಲೆ ಬೇಕಾಗಿದ್ದು ಬರೀ ಗಾಳಿ ಓಡಾಡೋಕೆ ಮೇಲೊಂದು ಕಿಂಡಿ, ಮತ್ತೆ ಬಟ್ಟೆ ಒಣಗಿಸೋಕೆ ಬೇರೆ ಜಾಗ.

ಪಶ್ಚಿಮದ್ದು ದೊಡ್ಡ ಕಥೆ. ಬೇರೆ ಮೇಸ್ತ್ರಿ ಒಬ್ರನ್ನ ಕರೆಸಿ ತೋರಿಸ್ದೆ, ಅವರು ಒಂದು ಕಡೆ ಗಾರೆ ಕಿತ್ತು ಬೆರಳಿಟ್ಟು ತೋರಿಸಿದ್ರು, "ಸಾರ್, ಬ್ಲಾಕ್ ನೀರು ಅಷ್ಟು ಕುಡಿಯಲ್ಲ, ಸಂದು ಕುಡಿಯುತ್ತೆ." ಮಲಗಿದ ಸಂದಿಗೆ ಸಿಮೆಂಟ್ ಇತ್ತು, ಬ್ಲಾಕ್ ಬ್ಲಾಕ್ ಮಧ್ಯೆ ನಿಂತ ಸಂದೆಲ್ಲ ಅರ್ಧಂಬರ್ಧ, ಕೆಲವು ಕಡೆ ಕಡ್ಡಿ ತೂರಿಸಿದ್ರೆ ಸಲೀಸಾಗಿ ಒಳಗೆ ಹೋಗ್ತಿತ್ತು. ಗಾಳಿಮಳೆ ನೈಋತ್ಯದಿಂದ ತಳ್ಳಿಕೊಂಡು ಬಂದು ಹದಿನೈದು ದಿನ ಬಿಡದೆ ಹೊಡೆದ್ರೆ ಹೊರಗಿನ ಗಾರೆ ಎಷ್ಟು ಅಂತ ತಡೆಯುತ್ತೆ. ಕಟ್ಟುವಾಗ ದಿನಾ ಸಂಜೆ ಸೈಟಿಗೆ ಹೋಗಿ ನಿಂತ ಸಂದು ತುಂಬಿದ್ದಾರಾ ಅಂತ ನೋಡೋದು ಯಾವ ಕೆಮಿಕಲ್‌ಗಿಂತ ಮುಖ್ಯ.

ಎಎಸಿ ಬ್ಲಾಕ್ ಬಗ್ಗೆ ನನಗೆ ತುಂಬಾ ಆಸೆ ಇತ್ತು. ಅಲ್ಯೂಮಿನಿಯಂ ಪುಡಿ ಸೇರಿಸಿ ಹಿಟ್ಟಿನ ಥರ ಉಬ್ಬಿಸಿ ಹಬೇಲಿ ಬೇಯಿಸೋದು, ಹೆಚ್ಚುಕಮ್ಮಿ ಇಡ್ಲಿನೇ. ಒಳಗೆಲ್ಲ ಗಾಳಿ ಗುಳ್ಳೆ ಇರೋದ್ರಿಂದ ಬಿಸಿ ಚಳಿ ಬೇಗ ದಾಟಲ್ಲ, ಸಾಲಿಡ್ ಬ್ಲಾಕಿಗಿಂತ ದೊಡ್ಡ ಸೈಜಿದ್ರೂ ತೂಕ ಅರ್ಧದಷ್ಟು. ಮೊದಲ ವರ್ಷ ಆ ಬೆಡ್‌ರೂಮಲ್ಲಿ ಮಲಗಿದ್ದು ಸುಖ ಅಂದ್ರೆ ಸುಖ, ಡಿಸೆಂಬರ್ ಬೆಳಗ್ಗೆ ಗೋಡೆ ಮುಟ್ಟಿದ್ರೆ ಸಾಲಿಡ್ ಬ್ಲಾಕ್ ರೂಮಿನ ಥರ ಕೈಗೆ ಚಳುಕ್ ಅನ್ನಲ್ಲ, ಜುಲೈನಲ್ಲಿ ಗೋಡೆ ಬೆವರೋದಂತೂ ಇಲ್ಲವೇ ಇಲ್ಲ. ಆದ್ರೆ ಇಡ್ಲಿ ಸಾಂಬಾರು ಕುಡಿದಂಗೆ ಇದು ನೀರು ಕುಡಿಯುತ್ತೆ. ನಮ್ಮ ಗಾರೆಯೋರಿಗೆ ಇದು ಹೊಸದು, ತೆಳ್ಳಗೆ ಬ್ಲಾಕ್ ಅಂಟು ಹಾಕೋ ಬದಲು ಮಾಮೂಲಿ ಸಿಮೆಂಟನ್ನೇ ದಪ್ಪಕ್ಕೆ ಹಾಕಿದ್ರು, ಕಾಲಮ್ಮಿಗೂ ಬ್ಲಾಕಿಗೂ ಸೇರೋ ಕಡೆ ಬಿರುಕು ತಡೆಯೋ ಜಾಲರಿ (ಮೆಶ್) ಹೊಡೀಲೇ ಇಲ್ಲ, ನಾನೂ ಆವಾಗ ಕೇಳ್ಲಿಲ್ಲ. ಎರಡನೇ ಬೇಸಿಗೆಗೆ ಕೂದಲೆಳೆ ಬಿರುಕು, ಮೂರನೇ ಮಳೆಗಾಲಕ್ಕೆ ಅದೇ ಬಿರುಕಲ್ಲಿ ನೀರು ಹೊಕ್ಕು ದೀಪಾವಳಿ ಆದ್ರೂ ಆ ಜಾಗ ಒಣಗ್ಲಿಲ್ಲ. ಒದ್ದೆ ಸ್ವೆಟರ್ ಹಾಕ್ಕೊಂಡ್ರೆ ಬೆಚ್ಚಗಿರುತ್ತಾ, ಹಂಗೇ ಒದ್ದೆ ಆದ ಎಎಸಿ ಗೋಡೇಲಿ ಆ ಬೆಚ್ಚಗಿನ ಗುಣ ಬಹಳ ಕಮ್ಮಿ ಆಗುತ್ತೆ. ಹಾಕೋದಾದ್ರೆ ನೆಲದಿಂದ ಎರಡಡಿ ಸಾಲಿಡ್ ಬ್ಲಾಕೇ ಕಟ್ಟಿ ಆಮೇಲೆ ಎಎಸಿ ಇಡಿ, ಬಾತ್‌ರೂಮಿಗೆ ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ.

ಹಳೇ ಮಣ್ಣುಗೋಡೆ ಇವೆರಡಕ್ಕೂ ಪಾಠ ಹೇಳ್ಕೊಟ್ಟಂಗಿದೆ. ಅಷ್ಟು ವರ್ಷದಿಂದ ನಿಂತಿದೆ, ಸಿಮೆಂಟಿನ ಹನಿ ಇಲ್ಲ, ಬರೀ ಸುಣ್ಣ, ಒಳಗೆ ಬೇಸಿಗೇಲಿ ತಂಪು ಮಳೇಲಿ ಬೆಚ್ಚಗೆ. ನಾನು ಮೊದ್ಲು ದಪ್ಪ ಗೋಡೆ ಕಾರಣ ಅಂದ್ಕೊಂಡಿದ್ದೆ. ಒಂದಿನ ಜಡಿಮಳೇಲಿ ಕೊಡೆ ಹಿಡ್ಕೊಂಡು ಮನೆ ಸುತ್ತ ಸುತ್ತಿದೆ, ಹೊಸ ಗೋಡೆ ಎರಡೂ ತೊಪ್ಪೆ, ಹಳೇ ಗೋಡೆ ಒಣಗೇ ಇದೆ! ಸೂರು ಮೂರಡಿ ಹೊರಗೆ ಚಾಚಿದೆ, ಪಶ್ಚಿಮಕ್ಕೆ ಜಗಲಿ ಬೇರೆ, ಮಳೆ ಗೋಡೆಗೆ ಮುಟ್ಟೋದೇ ಇಲ್ಲ. ಗೆದ್ದಲು, ಇಲಿ ಕಾಟ ಇದೆ, ಅಂಥಾ ಗೋಡೆ ಹಾಕೋ ಕೈಗಳೂ ಈಗ ಸಿಗಲ್ಲ, ಹಾಗಾಗಿ ಮಣ್ಣಲ್ಲೇ ಕಟ್ಟಿ ಅಂತ ನಾನು ಹೇಳ್ತಿಲ್ಲ, ಆ ಸೂರು ಮಾತ್ರ ಬಿಡಬೇಡಿ. ನಮ್ಮ ಹೊಸ ಭಾಗಕ್ಕೆ ಕಿಟಕಿ ಮೇಲೆ ಒಂದೂವರೆ ಅಡಿ ಸಜ್ಜ ಬಿಟ್ರೆ ಏನೂ ಇರ್ಲಿಲ್ಲ.

ಆಮೇಲೆ ತಾರಸಿ ಮೇಲೆ ಮಾಡು ಹಾಕ್ಸಿದ್ವಿ, ಅದರಲ್ಲೂ ಹೋಲಿಕೆ ಆಯ್ತು, ದುಡ್ಡು ಸಾಲದೆ ಅರ್ಧಕ್ಕೆ ಜಿಐ ಶೀಟು (ಸತು ಲೇಪನದ ಕಬ್ಬಿಣದ ತಗಡು), ಅರ್ಧಕ್ಕೆ ಹೆಂಚು. ಶೀಟು ಎರಡೇ ದಿನದ ಕೆಲಸ, ಚದರಕ್ಕೆ, ಅಂದ್ರೆ ನೂರು ಚದರಡಿಗೆ, ಅರ್ಧ ಕ್ವಿಂಟಾಲೂ ತೂಕ ಇಲ್ಲ, ಹೆಂಚಾದ್ರೆ ಚದರಕ್ಕೆ 150ರ ಹತ್ರ ಬೇಕು, ಮೂರೂವರೆ ಕ್ವಿಂಟಾಲ್ ಮೇಲಾಗುತ್ತೆ, ಟ್ರಸ್ಸು ರೀಪು ಎಲ್ಲಾ ಗಟ್ಟಿ ಇರ್ಬೇಕು, ಇಳಿಜಾರೂ ಜಾಸ್ತಿ ಕೊಡ್ಬೇಕು. ವೆಲ್ಡಿಂಗ್‌ನೋರು ಪೈಪು ಉಳಿಸೋಕೆ ಇಳಿಜಾರು ಕಮ್ಮಿ ಮಾಡ್ತಾರೆ, ಅಲ್ಲೇ ಗಾಳಿಮಳೆ ಹೆಂಚಿನ ಸಂದಿಗೆ ನೀರು ಹತ್ತಿಸೋದು. ಶೀಟಿನ ಕೆಳಗೆ ಚಳಿಗಾಲದ ಬೆಳಗ್ಗೆ ಇಬ್ಬನಿ ಕಟ್ಟಿ ತೊಟ್ಟಿಕ್ಕುತ್ತೆ, ಅಲ್ಲಿ ಹರಡಿದ್ದ ಮೆಣಸು ಒಂದ್ಸಲ ಪೂರ್ತಿ ಮುಗ್ಗಾಯ್ತು. ಮಳೆ ಸದ್ದಿಗೆ ಫೋನಲ್ಲಿ ಮಾತಾಡೋಕಾಗಲ್ಲ. ಹೆಂಚಿಗೆ ಮಂಗನ ಕಾಟ, ಪ್ರತಿ ಮೇ ತಿಂಗಳು ಹತ್ತಿ ಕೈಯಾಡಿಸ್ಬೇಕು. ಏಪ್ರಿಲಲ್ಲಿ ರಾತ್ರಿ ಒಂಬತ್ತಕ್ಕೆ ಕೆಳಗಿನ ರೂಮುಗಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ, ಹೆಂಚಿನ ಕಡೆ 27, ಶೀಟಿನ ಕಡೆ 28, ಅಷ್ಟೇ ವ್ಯತ್ಯಾಸ. ಮಾಡು ಹಾಕೋಕೆ ಮುಂಚೆ ಅದೇ ಹೊತ್ತಲ್ಲಿ 31 ಇರ್ತಿತ್ತು. ಯಾವುದೇ ಹಾಕಿ, ಎರಡು ತುದಿ ಮುಚ್ಚದೆ ಜಾಲರಿ ಬಡಿದು ಗಾಳಿ ಹಾಯೋಕೆ ಬಿಡಿ.

ಹಾಸನದಲ್ಲಿ ನನ್ನ ತಮ್ಮಂದು ಪೂರ್ತಿ ಆರಿಂಚು ಸಾಲಿಡ್ ಬ್ಲಾಕ್ ಮನೆ, ಗೋಡೆ ತೇವದ ಸುದ್ದಿನೇ ಇಲ್ಲ. ಅವನಿಗೆ ಇರೋದು ತಾರಸಿ ಕಾವು, ಹಗಲೆಲ್ಲ ಬಿಸಿಲು ಕುಡಿದ ಮೋಲ್ಡು ರಾತ್ರಿ ಊಟ ಆದ್ಮೇಲೆ ಕೆಳಗಡೆ ಬಿಸಿ ಬಿಡುತ್ತೆ. ಅರ್ಧ ತಾರಸಿಗೆ ಬಿಳೀ ಕೂಲ್ ಪೇಂಟ್ ಬಳಿಸಿ ನೋಡಿದ, ಮಧ್ಯಾಹ್ನ ಬರಿಗಾಲಲ್ಲಿ ಬಿಳೀ ಕಡೆ ನಿಲ್ಬೋದು, ಆ ಕಡೆ ಕಾಲಿಡೋಕಾಗಲ್ಲ. ಧೂಳು ಪಾಚಿ ಹಿಡಿದು ಮಾಸುತ್ತೆ, ವರ್ಷಕ್ಕೊಮ್ಮೆ ಉಜ್ಜಿ ತೊಳೀಬೇಕು. ಹಾಸನದೋರು ಎಎಸಿಗೆ ಕೊಡೋ ಹೆಚ್ಚಿನ ದುಡ್ಡನ್ನ ತಾರಸಿಗೆ ಹಾಕಿ ಅಂತ ಧೈರ್ಯವಾಗಿ ಹೇಳ್ತೀನಿ. ನಮ್ಮ ಕಡೆಯೋರು ಸಾಲಿಡ್ ಬ್ಲಾಕಲ್ಲೇ ಕಟ್ಟಿ, ಉಳಿದ ದುಡ್ಡಲ್ಲಿ ಮಾಡನ್ನ ನಾಕೂ ಕಡೆ ಮೂರಡಿ ಹೊರಗೆ ಚಾಚಿ.

ನಾವು ಪಶ್ಚಿಮಕ್ಕೆ ಸೂರು ಉದ್ದ ಮಾಡ್ಸಿದ್ದು ಹೋದ ಮೇನಲ್ಲಿ. ಎಎಸಿ ಭಾಗದಲ್ಲಿ ಬ್ರಾಕೆಟ್‌ನ ಬ್ಲಾಕಿಗೆ ಬೋಲ್ಟ್ ಹಾಕೋಕೆ ಹೊರಟಿದ್ರು, ತಡೆದು ಕಾಲಮ್ಮಿಗೂ ಮೇಲಿನ ಬೀಮಿಗೂ ಹಾಕ್ಸಿದೆ, ಬ್ಲಾಕಲ್ಲಿ ಆ ಭಾರಕ್ಕೆ ಬೋಲ್ಟ್ ಹಿಡಿಯಲ್ಲ, ಗಾಳಿಗೆ ಕಿತ್ಕೊಂಡು ಬರುತ್ತೆ. ಪುಷ್ಯ ಮಳೇಲಿ ಮತ್ತೆ ಪಶ್ಚಿಮದ ರೂಮಿನ ಅದೇ ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೆ, ಎರಡು ದಿನ ಬಿಟ್ಟು ಕಿತ್ರೆ ಹಿಂದೆ ಮುಂದೆ ಎರಡೂ ಒಣಗಿತ್ತು. ಅಮ್ಮನ ಬೀರು ಮಾತ್ರ ಈಗ್ಲೂ ಗೋಡೆಯಿಂದ ಒಂದು ಗೇಣು ಈಚೆಗೇ ಇದೆ.