ಎಣ್ಣೆ, ಪಟ್ಟಿ, ಗೋಡೆ: ಶಟಲ್ ಆಡುವವರ ಮಂಡಿನೋವಿಗೆ ಯಾವುದು ಮೇಲು?

ಶಟಲ್ ಆಡುವವರ ಮಂಡಿ ನೋಯತೊಡಗಿದರೆ ಬೆಂಗಳೂರಿನಲ್ಲಿ ಸಲಹೆಗಳಿಗೆ ಬರವಿಲ್ಲ. ಅಂಕಣದ ಪಕ್ಕದ ಬೆಂಚಿನ ಮೇಲೆ ಕುಳಿತರೆ ಸಾಕು, ಒಬ್ಬರು ಎಣ್ಣೆ ಎನ್ನುತ್ತಾರೆ, ಇನ್ನೊಬ್ಬರು ನೀ ಕ್ಯಾಪ್ ಎನ್ನುತ್ತಾರೆ, ಮತ್ತೊಬ್ಬರು “ಮೂರು ತಿಂಗಳು ಸುಮ್ಮನೆ ಮನೆಯಲ್ಲಿರಿ ಸಾರ್” ಎಂದು ತೀರ್ಪು ಕೊಡುತ್ತಾರೆ. ಒಂದಾದ ಮೇಲೊಂದರಂತೆ ಎಲ್ಲವನ್ನೂ ನೋಡಿದ್ದೇನೆ. ನನ್ನ ನೋವು ಇದ್ದದ್ದು ಮಂಡಿಚಿಪ್ಪಿನ ಕೆಳತುದಿಯಲ್ಲಿ, ಒಂದೇ ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ. ವೈದ್ಯರು ಜಂಪರ್ಸ್ ನೀ ಎಂದರು: ಚಿಪ್ಪನ್ನು ಅದರ ಕೆಳಗಿನ ಮೂಳೆಗೆ ಬಿಗಿದಿರುವ ಸ್ನಾಯುರಜ್ಜಿನ ತೊಂದರೆ. ಕೀಲು ಸವೆದವರಿಗೆ, ಮಂಡಿ ಊದಿಕೊಂಡವರಿಗೆ, ನಡೆಯುವಾಗ ಮಂಡಿ ಸಿಕ್ಕಿಕೊಳ್ಳುವವರಿಗೆ ಈ ಹೋಲಿಕೆ ಅನ್ವಯಿಸುವುದಿಲ್ಲ. ಅವರು ಮೊದಲು ಮೂಳೆತಜ್ಞರನ್ನು ಕಾಣಲಿ.

ವಿಶ್ರಾಂತಿ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಮೋಸದ್ದು. ಆಟ ಬಿಟ್ಟರೆ ನೋವು ಇಳಿಯುತ್ತದೆ, ನಿಜ. ಆದರೆ ಭಾರವೇ ಬೀಳದ ಸ್ನಾಯುರಜ್ಜು ಭಾರ ತಾಳುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಮತ್ತೆ ಅಂಕಣಕ್ಕಿಳಿದು ನೆಟ್ ಬಳಿ ಬೀಳುವ ಡ್ರಾಪ್‌ಗೆ ಬಲಗಾಲು ಚಾಚಿದ್ದೇ ತಡ, ನೋವು ಅದೇ ಜಾಗದಲ್ಲಿ ಹಾಜರು.

ಎಣ್ಣೆಯ ವಿಷಯದಲ್ಲಿ ನನಗೆ ಪಕ್ಷಪಾತವಿದೆ, ಏಕೆಂದರೆ ಆಯುರ್ವೇದದ ಜಾನು ಬಸ್ತಿಯಷ್ಟು ಹಿತವಾದ ಚಿಕಿತ್ಸೆ ಬೇರೆ ಇಲ್ಲ. ಉದ್ದಿನ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಮಂಡಿಯ ಸುತ್ತ ಬಳೆಯಂತೆ ಕಟ್ಟೆ ಕಟ್ಟುತ್ತಾರೆ. ಅದರೊಳಗೆ ಬೆಚ್ಚಗಿನ ತೈಲ ಸುರಿಯುತ್ತಾರೆ. ಆರಿದ ಎಣ್ಣೆಯನ್ನು ಹತ್ತಿಯಲ್ಲಿ ಹೀರಿಸಿ ತೆಗೆದು, ಮತ್ತೆ ಬಿಸಿಯದನ್ನು ತುಂಬುತ್ತಾರೆ. ಅಂಚಿನಲ್ಲಿ ಹಿಟ್ಟು ಸ್ವಲ್ಪ ಬಿಟ್ಟುಕೊಂಡರೆ ಎಣ್ಣೆ ಮೀನಖಂಡದ ಮೇಲೆ ತೊಟ್ಟಿಕ್ಕುತ್ತದೆ, ಚಿಕಿತ್ಸೆ ಮಾಡುವವರು ಹೆಬ್ಬೆರಳಿನಿಂದ ಒತ್ತಿ ಸರಿಪಡಿಸುತ್ತಾರೆ. ಆ ಸಂಜೆ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿಯುವಾಗ ಮಂಡಿ ಹಗುರವೆನಿಸಿತು, ರಾತ್ರಿ ಒಳ್ಳೆಯ ನಿದ್ದೆಯೂ ಬಂತು. ಆದರೆ ಹಾರಿ ಇಳಿಯುವಾಗ ಬೀಳುವ ಭಾರಕ್ಕೆ ಇದು ಯಾವ ತಯಾರಿಯನ್ನೂ ಕೊಡಲಿಲ್ಲ. ನೆಮ್ಮದಿಗೆ ಹತ್ತಕ್ಕೆ ಒಂಬತ್ತು ಅಂಕ, ಆಟಕ್ಕೆ ಎರಡು.

ನೀ ಕ್ಯಾಪ್ ಮತ್ತು ಪಟ್ಟಿ ಒಂದೇ ಎಂದು ಹಲವರು ತಿಳಿದಿದ್ದಾರೆ. ಕ್ಯಾಪ್ ಇಡೀ ಮಂಡಿಯನ್ನು ಮುಚ್ಚುತ್ತದೆ, ಬೆಚ್ಚಗಿಡುತ್ತದೆ, ಅರ್ಧ ಗಂಟೆಯಲ್ಲಿ ಬೆವರಿನಿಂದ ಜಾರತೊಡಗುತ್ತದೆ. ಚಿಪ್ಪಿನ ಕೆಳಗೆ ವೆಲ್ಕ್ರೊದಿಂದ ಬಿಗಿಯುವ ಸಣ್ಣ ಪಟ್ಟಿ ನೇರವಾಗಿ ಸ್ನಾಯುರಜ್ಜನ್ನೇ ಒತ್ತಿ ಹಿಡಿಯುತ್ತದೆ. ಇವೆರಡರಲ್ಲಿ ನನ್ನ ಮತ ಪಟ್ಟಿಗೆ. ಆದರೂ ಅದರ ಉಪಕಾರ ಆಟ ಮುಗಿಯುವವರೆಗೆ ಮಾತ್ರ. ಸ್ಟಿರಾಯ್ಡ್ ಚುಚ್ಚುಮದ್ದಿನ ಮಾತೂ ಬಂದಿತ್ತು. ಅದು ಸ್ನಾಯುರಜ್ಜನ್ನು ದುರ್ಬಲಗೊಳಿಸಬಹುದು ಎಂದು ಫಿಸಿಯೊಥೆರಪಿಸ್ಟ್ ಹೇಳಿದ ಮೇಲೆ ಕೈಬಿಟ್ಟೆ.

ಉಳಿದದ್ದು ಗೋಡೆ. ಬೆನ್ನನ್ನು ಗೋಡೆಗೆ ಕೊಟ್ಟು, ಇಲ್ಲದ ಕುರ್ಚಿಯ ಮೇಲೆ ಕುಳಿತಂತೆ 45 ಸೆಕೆಂಡು ನಿಲ್ಲುವುದು, ಸ್ವಲ್ಪ ಬಿಡುವು, ಹೀಗೆ ಐದು ಸಲ. ಮೂವತ್ತನೆಯ ಸೆಕೆಂಡಿಗೆ ತೊಡೆ ನಡುಗತೊಡಗುತ್ತದೆ, ಮೊಬೈಲಿನ ಟೈಮರ್ ನಿಂತೇ ಹೋಯಿತೇನೋ ಅನಿಸುತ್ತದೆ. ಗೋಡೆಯ ಸುಣ್ಣ ಅಂಗಿಗೆ, ಅಂಗಿಯ ಬೆವರು ಗೋಡೆಗೆ. ಮನೆಯವರಿಗೆ ಮಂಡಿಗಿಂತ ಗೋಡೆಯದೇ ಚಿಂತೆ. ನೋವು ತಗ್ಗಿದ ಮೇಲೆ ಜಿಮ್‌ನಲ್ಲಿ ಲೆಗ್ ಪ್ರೆಸ್ ಮತ್ತು ಸ್ಕ್ವಾಟ್, ವಾರಕ್ಕೆ ಮೂರು ದಿನ: ಮೂರು ಸೆಕೆಂಡು ಇಳಿಯುವುದು, ಮೂರು ಸೆಕೆಂಡು ಏಳುವುದು, ತೂಕ ಮೆಲ್ಲಗೆ ಏರಿಸುತ್ತ ಹೋಗುವುದು. ಕುಣಿತ, ಜಿಗಿತಗಳ ಸರದಿ ಆಮೇಲೆ. ನೋವು ಹತ್ತರಲ್ಲಿ ಮೂರನ್ನು ದಾಟಬಾರದು, ಮರುದಿನ ಬೆಳಗ್ಗೆ ಹೆಚ್ಚಿರಬಾರದು. ಹೆಚ್ಚಿದ್ದರೆ ತೂಕ ಇಳಿಸಬೇಕು. ತಿಂಗಳುಗಟ್ಟಲೆ ಹಿಡಿಯುವ, ಪರಮ ಬೇಸರದ ಕೆಲಸ. ಆದರೆ ನನ್ನನ್ನು ಅಂಕಣಕ್ಕೆ ಮರಳಿಸಿದ್ದು ಇದೊಂದೇ. ಎಣ್ಣೆಗೆ ಕೊಟ್ಟ ಹಣದ ಅರ್ಧದಷ್ಟೂ ಖರ್ಚಾಗಲಿಲ್ಲ.

ಮರಳುವಾಗ ಅಂಕಣವನ್ನೂ ಆರಿಸಬೇಕು. ಅಪಾರ್ಟ್‌ಮೆಂಟಿನ ಸಿಮೆಂಟ್ ನೆಲ ಪುಕ್ಕಟೆ, ಲಿಫ್ಟ್ ಇಳಿದರೆ ಸಿಗುತ್ತದೆ, ಆದರೆ ಅದು ಒಂದಿಷ್ಟೂ ಬಾಗುವುದಿಲ್ಲ. ಮರದ ಹಲಗೆಯ ಮೇಲೆ ಸಿಂಥೆಟಿಕ್ ಮ್ಯಾಟ್ ಹಾಸಿದ ಅಂಕಣಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರಬೇಕು, ವಾರಾಂತ್ಯದಲ್ಲಿ ಜಾಗ ಸಿಗುವುದೂ ಕಷ್ಟ. ಆದರೂ ಇಳಿಯುವಾಗಿನ ಪೆಟ್ಟನ್ನು ನೆಲವೇ ಸ್ವಲ್ಪ ನುಂಗಿಕೊಳ್ಳುತ್ತದೆ. ಒಂದೇ ಎಚ್ಚರಿಕೆ: ಮ್ಯಾಟ್ ಮೇಲೆ ಧೂಳಿದ್ದರೆ ಕಾಲು ಜಾರುತ್ತದೆ, ಆಡುವ ಮುನ್ನ ಒರೆಸಲು ಹೇಳಿ. ಮೊದಮೊದಲು ಡಬಲ್ಸ್ ಆಡಿ, ಅಂಕಣದ ಹಿಂಬದಿಯಿಂದ ಹೊಡೆಯುವ ಸ್ಮ್ಯಾಷ್‌ಗಳನ್ನು ಜೊತೆಗಾರನಿಗೆ ಬಿಟ್ಟುಕೊಡಿ. ನಾನು ಈಗಲೂ ಸಿಂಗಲ್ಸ್ ಆಡುವುದು ಜಿಮ್‌ಗೆ ಹೋಗದ ದಿನ ಮಾತ್ರ.