ಕಾವು ಕೋಳಿ, ಇನ್ಕ್ಯುಬೇಟರು, ತಂದ ಮರಿ: ಮೂರನ್ನೂ ಮಾಡಿ ನೋಡಿದ್ಮೇಲೆ ನನ್ನ ಲೆಕ್ಕ

ಕೋಳಿ ಸಾಕೋರು ಇಬ್ಬರು ಸೇರಿದ್ರೆ ಮೊದಲು ಬರೋ ಮಾತೇ "ಎಷ್ಟು ಮೊಟ್ಟೆ ಇಟ್ಟಿದ್ರಿ, ಎಷ್ಟು ಮರಿ ಎದ್ವು" ಅಂತ. ನಾನು ಆ ಲೆಕ್ಕ ಕೇಳೋದು ಬಿಟ್ಟಿದೀನಿ, ಎರಡು ತಿಂಗಳಾದ್ಮೇಲೆ ತಿಪ್ಪೆ ಮೇಲೆ ಎಷ್ಟು ಮರಿ ಕೆದಕ್ತಾ ಇವೆ ಅನ್ನೋದೇ ನನಗೆ ಲೆಕ್ಕ. ಮೂರು ದಾರೀಲೂ ಮಾಡಿ ನೋಡಿದೀವಿ. ನಮ್ಮತ್ತೆ ಮೊದಲಿಂದ ಮಾಡ್ಕೊಂಡು ಬಂದಿರೋ ಹಾಗೆ ಮಂಕರೀಲಿ ನಾಟಿ ಕೋಳಿ ಕಾವು ಕೂರ್ಸೋದು, ನಮ್ಮನೆಯವ್ರು ತಂದ ಇನ್ಕ್ಯುಬೇಟರು, ಅಂದ್ರೆ ಮೊಟ್ಟೆಗೆ ಕಾವು ಕೊಡೋ ಮಷಿನ್ನು, ಮತ್ತೆ ಹೊರಗಿಂದ ಒಂದು ದಿನದ ಗಿರಿರಾಜ ತಳಿ ಮರಿ ತಂದು ಬಲ್ಬಿನ ಕೆಳಗೆ ಸಾಕೋದು. ನಾವಿರೋದು ತಿಪಟೂರು ಕಡೆ, ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಎರಡು ಹಸು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರೋದ್ರೊಳಗೆ ಕೋಳಿ ಕೆಲಸ ಮುಗೀಬೇಕು, ಇಲ್ಲಾಂದ್ರೆ ಆಮೇಲೆ ಕೈಗೆ ಬಿಡುವಿಲ್ಲ, ಆದ್ರಿಂದ ಇಲ್ಲಿ ಹೇಳೋದೆಲ್ಲ ಫಾರಂ ಮಾಡೋರಿಗಲ್ಲ, ಹಿತ್ತಲಲ್ಲಿ ಇಪ್ಪತ್ತು-ಮೂವತ್ತು ಕೋಳಿ ಇಟ್ಕೊಂಡಿರೋರಿಗೆ.

ಮೊದಲು ಕಾವು ಕೋಳಿ. ಇದರಲ್ಲಿ ಖರ್ಚು ಅನ್ನೋದೇ ಇಲ್ಲ. ಹಳೇ ಮಂಕರಿ, ತಳಕ್ಕೆ ಬೂದಿ, ಮೇಲೆ ಒಣ ಹುಲ್ಲು, ಒಂದು ಹಿಡಿ ಬೇವಿನ ಸೊಪ್ಪು, ಅಷ್ಟೆ. ಬೂದಿ, ಬೇವು ಎರಡೂ ಹೇನಿಗೆ. 21 ದಿನ ಕೂತ ಜಾಗದಲ್ಲೇ ಕೂತಿರೋದ್ರಿಂದ ಹೇನು ಬಿದ್ರೆ ಕೋಳಿ ತಡ್ಕೊಳ್ಳಲಾರದೆ ಮಧ್ಯದಲ್ಲೇ ಎದ್ದು ಹೋಗುತ್ತೆ. ನಮ್ಮತ್ತೆ ಮೊಟ್ಟೆ ಮಧ್ಯೆ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು ಇಡ್ತಾರೆ, ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ಕಬ್ಬಿಣ ಇಟ್ರೂ ಇಡದಿದ್ರೂ ಮರಿ ಎದ್ದಿವೆ, ಆದ್ರೆ ಅವರು ಇಡೋದನ್ನ ನಾನು ತೆಗೆಯೋಕೆ ಹೋಗಲ್ಲ. 10ರಿಂದ 12 ಮೊಟ್ಟೆ, ಅದಕ್ಕಿಂತ ಜಾಸ್ತಿ ಬೇಡ. ಕೋಳಿ ಮೈಗಿಂತ ಆಚೆ ಹೋದ ಮೊಟ್ಟೆ ತಣ್ಣಗಾಗುತ್ತೆ, ಅದೂ ಒಂದೇ ಮೊಟ್ಟೆ ಅಲ್ಲ, ಕೋಳಿ ಹೊರಳಿಸಿದಾಗೆಲ್ಲ ಒಂದೊಂದು ಸರದಿ ಮೇಲೆ ಅಂಚಿಗೆ ಬರೋದ್ರಿಂದ ಎಲ್ಲಾನೂ ಸ್ವಲ್ಪ ಸ್ವಲ್ಪ ಕೆಡ್ತಾವೆ.

ಕಾವು ಕೂತ ಕೋಳಿ ಹೊಟ್ಟೆ ಕೆಳಗೆ ಕೈ ಹಾಕಿ ನೋಡಿ ಒಂದ್ಸಲ. ಎದೆ ಪುಕ್ಕ ಉದುರಿ ಬರೀ ಚರ್ಮ ಇರುತ್ತೆ, ಸುಡೋ ಹಾಗಿರುತ್ತೆ, ಮೊಟ್ಟೆ ಆ ಚರ್ಮಕ್ಕೇ ತಾಗ್ಕೊಂಡಿರುತ್ತೆ. ದಿನಕ್ಕೊಂದ್ಸಲ ಎದ್ದು ಕಾಳು ತಿಂದು, ನೀರು ಕುಡಿದು, ಒಂದು ದಪ್ಪ ನಾರೋ ಹಿಕ್ಕೆ ಹಾಕಿ, ಧೂಳಲ್ಲಿ ಹೊರಳಿ, ಇಪ್ಪತ್ತು ನಿಮಿಷದೊಳಗೆ ವಾಪಸ್ ಓಡಿ ಬರುತ್ತೆ. ಟೆಂಪರೇಚರ್, ತೇವಾಂಶ, ಹೊರಳಿಸೋದು ಯಾವುದನ್ನೂ ನಾವು ನೋಡ್ಬೇಕಾಗಿಲ್ಲ. ಹುಂಜ ಸರಿಯಾಗಿದ್ದು, ಮೊಟ್ಟೆ ಒಂದು ವಾರಕ್ಕಿಂತ ಹಳೇದಾಗಿರದಿದ್ರೆ ಹನ್ನೆರಡಕ್ಕೆ ಒಂಬತ್ತು ಹತ್ತು ಏಳೋದು ನಮ್ಮಲ್ಲಿ ಮಾಮೂಲು.

ಕಷ್ಟ ಏನಪ್ಪಾ ಅಂದ್ರೆ, ಕೋಳಿ ಯಾವಾಗ ಕಾವಿಗೆ ಬರುತ್ತೋ ಅದರ ಇಷ್ಟ, ನಮ್ಮ ಇಷ್ಟ ಅಲ್ಲ. ನಮಗೆ ಮರಿ ಬೇಕು ಅಂದಾಗ ಒಂದೂ ಕೂರಲ್ಲ, ಮಳೆ ಹಿಡ್ಕೊಂಡು ಮರಿ ಉಳಿಯದ ಕಾಲದಲ್ಲಿ ಮೂರು ಮೂರು ಕೋಳಿ ಒಂದೇ ಗೂಡಲ್ಲಿ ಕೂತ್ಕೊಂಡು ಜಗಳ ಆಡ್ತಾವೆ. ಇನ್ನೊಂದು, 21 ದಿನ ಕಾವು, ಆಮೇಲೆ ಎರಡು ತಿಂಗಳು ಮರಿ ಹಿಂದೆ ತಿರುಗೋದು, ಅಷ್ಟು ದಿನ ಆ ಕೋಳಿ ಮೊಟ್ಟೆ ಇಡಲ್ಲ. ನಾಟಿ ಕೋಳಿ ವರ್ಷಕ್ಕೆ ಹೆಚ್ಚುಕಮ್ಮಿ ಐವತ್ತು ಅರವತ್ತು ಮೊಟ್ಟೆ ಅಂತಾರಲ್ಲ, ಅದು ಅಷ್ಟು ಕಮ್ಮಿ ಇರೋಕೆ ಇದೂ ಒಂದು ಕಾರಣ. ಹಾವಿನ ಕಾಟ ಬೇರೆ. ಮಂಕರಿ ಕೊಟ್ಟಿಗೆ ಮೂಲೆಯಲ್ಲಿ ನೆಲದ ಮೇಲಿದ್ರೆ ಹಾವು ಮೊಟ್ಟೆಗೆ ಬಂದೇ ಬರುತ್ತೆ, ಅದಕ್ಕೆ ನಾವು ಈಗ ಎತ್ತರದಲ್ಲಿ ಹಲಗೆ ಹೊಡೆದು ಇಡೋದು.

ಇನ್ನು ಇನ್ಕ್ಯುಬೇಟರು. ನಮ್ಮದು 50-60 ಮೊಟ್ಟೆ ಹಿಡಿಯೋ ಆಟೋಮ್ಯಾಟಿಕ್ಕು, ತಾನೇ ಹೊರಳಿಸುತ್ತೆ. ಥರ್ಮಾಕೋಲ್ ಡಬ್ಬಕ್ಕೆ ಬಲ್ಬು, ಕಂಪ್ಯೂಟರ್ ಫ್ಯಾನು, ಥರ್ಮೋಸ್ಟಾಟ್ ಕೂರಿಸಿ ಮನೇಲೇ ಮಾಡ್ಕೊಳ್ಳೋರೂ ಇದಾರೆ, ಅದೂ ಚೆನ್ನಾಗೇ ಕೆಲಸ ಮಾಡುತ್ತೆ, ಆದ್ರೆ ಕೈಯಲ್ಲಿ ದಿನಕ್ಕೆ ಮೂರು ಸಲ ಹೊರಳಿಸ್ಬೇಕು, ಹೊಲದ ಕೆಲಸ ಇರೋ ಮನೇಲಿ ಅದು ತಪ್ಪುತ್ತೆ. ಫ್ಯಾನಿರೋ ಮಷಿನ್ನಿಗೆ 37.5 ಡಿಗ್ರಿ. ಡಿಸ್‌ಪ್ಲೇಲಿ ತೋರ್ಸೋದನ್ನ ನಂಬ್ಕೊಂಡು ಕೂರ್ಬೇಡಿ, ಜ್ವರ ನೋಡೋ ಥರ್ಮಾಮೀಟರ್ ಒಳಗಿಟ್ಟು ತಾಳೆ ನೋಡಿ, ಒಂದು ಡಿಗ್ರಿ ವ್ಯತ್ಯಾಸ ಇದ್ರೂ ಮರಿ ಕಥೆ ಬೇರೆಯಾಗುತ್ತೆ. ಜಾಸ್ತಿಯಾದ್ರೆ ಒಂದು ದಿನ ಮುಂಚೆನೇ ಹೊಕ್ಕುಳು ಮುಚ್ಚದೆ ಬಂದುಬಿಡ್ತಾವೆ, ಕಮ್ಮಿಯಾದ್ರೆ 22, 23 ದಿನ ಎಳೆದು ಸೊರಗಿದ ಮರಿ ಬರ್ತಾವೆ.

ತೇವಾಂಶ ಅನ್ನೋದನ್ನ ಜನ ತುಂಬ ತಪ್ಪಾಗಿ ತಿಳ್ಕೊಂಡಿದಾರೆ, ನೀರು ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ. ಹಾಗಲ್ಲ. ಮೊಟ್ಟೆ ಮೊದಲ 18 ದಿನದಲ್ಲಿ ತೂಕ ಕಳ್ಕೊಳ್ಳಲೇಬೇಕು, ಸುಮಾರು ನೂರಕ್ಕೆ ಹನ್ನೆರಡು ಭಾಗ. ಆಗಲೇ ದಪ್ಪ ಭಾಗದಲ್ಲಿ ಗಾಳಿ ಜಾಗ ದೊಡ್ಡದಾಗೋದು, ಮರಿ ಕೊನೇಲಿ ಮೊದಲ ಉಸಿರು ಎಳೆಯೋದು ಅಲ್ಲಿಂದನೇ. ತೇವ ಜಾಸ್ತಿ ಕೊಟ್ರೆ ಆ ಜಾಗ ಚಿಕ್ಕದಾಗೇ ಉಳಿದು ಮರಿ ಒಳಗೇ ಮುಳುಗಿ ಸಾಯುತ್ತೆ. ಹಾಗಾಗಿ ತೇವಾಂಶ ಮೊದಲು ಶೇಕಡಾ 50-55, ಕೊನೇ ಮೂರು ದಿನ ಮಾತ್ರ 65-70, ಆಗ ಹೊರಳಿಸೋದು ಬಂದ್, ಮುಚ್ಚಳ ತೆಗೆಯೋದೂ ಬಂದ್. ಚಿಪ್ಪಲ್ಲಿ ಒಂದು ಸಣ್ಣ ನಕ್ಷತ್ರದ ಹಾಗೆ ಬಿರುಕು ಬರುತ್ತೆ, ಅಲ್ಲಿಂದ ಹೊರಗೆ ಬರೋಕೆ ಹನ್ನೆರಡು ಗಂಟೆನೂ ಆಗ್ಬಹುದು, ಇಡೀ ದಿನನೂ ಆಗ್ಬಹುದು. ಮರಿ ಆ ಹೊತ್ತಲ್ಲಿ ಸುಮ್ಮನೆ ಮಲಗಿರಲ್ಲ, ಚಿಪ್ಪಿನ ಒಳಗಿನ ರಕ್ತನಾಳ ಒಣಗಿ, ಉಳಿದ ಹಳದಿ ಹೊಟ್ಟೆಯೊಳಗೆ ಸೇರ್ಕೊಳ್ತಾ ಇರುತ್ತೆ. ಪಾಪ ಅಂತ ಚಿಪ್ಪು ಬಿಡಿಸೋಕೆ ಹೋದ್ರೆ ರಕ್ತ ಸುರಿಯುತ್ತೆ.

ಮಷಿನ್ನಲ್ಲಿ ನನಗೆ ನಿಜವಾಗ್ಲೂ ಇಷ್ಟವಾಗೋದು ಏಳನೇ ದಿನ ಕತ್ತಲೇಲಿ ಮೊಬೈಲ್ ಟಾರ್ಚ್ ಹಿಡಿದು ಮೊಟ್ಟೆ ನೋಡೋದು. ಕೋಳಿ ಕೆಳಗಿನ ಮೊಟ್ಟೇನೂ ನೋಡ್ಬಹುದು, ಆದ್ರೆ ಅದು ಕುಕ್ಕಿ ಕೈ ಹಣ್ಣು ಮಾಡುತ್ತೆ. ಬಿಳಿ ಚಿಪ್ಪಾದ್ರೆ ನರ ಕವಲೊಡೆದು ಹರಡಿರೋದು, ಮಧ್ಯದಲ್ಲಿ ಒಂದು ಕಪ್ಪು ಚುಕ್ಕೆ ಅಲ್ಲಾಡೋದು ಸ್ಪಷ್ಟ ಕಾಣುತ್ತೆ. ಏನೂ ಇಲ್ಲದೆ ತಿಳಿಯಾಗಿದ್ರೆ ಬೀಜ ಕಟ್ಟಿಲ್ಲ, ರಕ್ತದ ಉಂಗುರ ಕಂಡ್ರೆ ಸತ್ತಿದೆ, ತೆಗೆದುಬಿಡ್ಬೇಕು, ಇಲ್ಲಾಂದ್ರೆ ಕೊಳೆತು ಒಡೆದು ಮಿಕ್ಕ ಮೊಟ್ಟೆಗೂ ಹತ್ತುತ್ತೆ. ತಿಳಿ ಮೊಟ್ಟೆ ತುಂಬ ಬರ್ತಿದ್ರೆ ಮಷಿನ್ ಬೈಬೇಡಿ, ಹುಂಜನ ಕಡೆ ನೋಡಿ. ಎಂಟು ಹತ್ತು ಹ್ಯಾಟೆಗೆ ಒಂದು ಹುಂಜ ಬೇಕು, ಅದೂ ವಯಸ್ಸಾಗಿರಬಾರದು.

ಕರೆಂಟ್ ವಿಷಯ ಎಲ್ಲರೂ ಹೆದರಿಸ್ತಾರೆ. ಅರ್ಧ ಗಂಟೆ, ಒಂದು ಗಂಟೆ ಹೋದ್ರೆ ಏನೂ ಆಗಲ್ಲ, ಕೋಳಿನೇ ದಿನಾ ಎದ್ದು ಹೋಗಲ್ವಾ, ಮೇಲೊಂದು ಕಂಬಳಿ ಹೊದ್ಸಿ ಬಿಟ್ರಾಯ್ತು. ಮೊಟ್ಟೆ ತಣ್ಣಗಾಗೋದನ್ನ ಒಂದಿಷ್ಟು ತಡ್ಕೊಳ್ಳುತ್ತೆ, ಬಿಸಿ ಏರೋದನ್ನ ತಡ್ಕೊಳ್ಳಲ್ಲ. ಆದ್ರೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದ್ರೆ ನಮ್ಮ ಕಡೆ ಮಾರನೇ ದಿನದ ಮಾತು, ಅದಕ್ಕೆ ಇನ್ವರ್ಟರ್ ಇಲ್ಲದೋರು ಮಷಿನ್ ತಗೋಬೇಡಿ ಅಂತ ಖಡಾಖಂಡಿತ ಹೇಳ್ತೀನಿ.

ಮರಿ ಎದ್ದಾದ್ಮೇಲೆನೇ ನಿಜವಾದ ಹೋಲಿಕೆ ಶುರುವಾಗೋದು. ಮಷಿನ್ ಮರಿಗೆ ಅಮ್ಮ ಇಲ್ಲ, ಅಮ್ಮನ ಕೆಲಸ ಎಲ್ಲಾ ನಮ್ಮ ತಲೆ ಮೇಲೆ. ಮೊದಲ ವಾರ 35 ಡಿಗ್ರಿ ಬಿಸಿ, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸ್ತಾ ಬರ್ಬೇಕು. ಈಗ ಅಂಗಡೀಲೆಲ್ಲ ಎಲ್‌ಇಡಿ, ಅದರಲ್ಲಿ ಬಿಸಿ ಬರಲ್ಲ, ಹಳೇ ನೂರು ವ್ಯಾಟ್ ಬಲ್ಬು ಹುಡುಕೋದೇ ಒಂದು ಕೆಲಸ. ಥರ್ಮಾಮೀಟರ್ ಬೇಡ, ಮರಿ ನೋಡಿದ್ರೆ ಗೊತ್ತಾಗುತ್ತೆ: ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ರೆ ಚಳಿ, ಗೋಡೆ ಕಡೆ ಹೋಗಿ ಬಾಯಿ ಬಿಡ್ತಿದ್ರೆ ಸೆಕೆ, ಅಲ್ಲಲ್ಲಿ ಚೆದುರಿ ಮಲಗಿದ್ರೆ ಸರಿಯಾಗಿದೆ. ಬರೀ ಪೇಪರ್ ಹಾಸಿದ್ರೆ ಜಾರಿ ಕಾಲು ಅಗಲ ಬೀಳುತ್ತೆ, ಭತ್ತದ ಹೊಟ್ಟಿನ ಮೇಲೆ ಗೋಣಿ ಹಾಸಿ. ಮೊದಲು ಬೆಲ್ಲದ ನೀರು, ಆಮೇಲೆ ನುಚ್ಚು, ಸ್ಟಾರ್ಟರ್ ಫೀಡು. ಹೊಟ್ಟು ಒದ್ದೆಯಾದ್ರೆ ಮೂರನೇ ನಾಲ್ಕನೇ ವಾರದಲ್ಲಿ ರಕ್ತ ಭೇದಿ ಶುರುವಾಗುತ್ತೆ, ಅದು ಬಂದ್ರೆ ಗುಂಪು ಗುಂಪಾಗಿ ಹೋಗ್ತಾವೆ.

ಅದೇ ಕಾವು ಕೋಳಿ ಮರಿ ನೋಡಿ, ಎರಡನೇ ದಿನಕ್ಕೆ ಹಿತ್ತಲಿಗೆ ಇಳೀತಾವೆ. ಗೆದ್ದಲು ಕಂಡ್ರೆ ಅಮ್ಮ ಕೊಕ್ ಕೊಕ್ ಅಂತ ಕರೆದು ಕೊಕ್ಕಲ್ಲಿ ಎತ್ತಿ ಬಿಸಾಕುತ್ತೆ, ಮರಿ ಓಡಿ ಬಂದು ಎತ್ಕೊಳ್ತಾವೆ. ಮೇಲೆ ಹದ್ದಿನ ನೆರಳು ಹಾದ್ರೆ ಅದರ ಕೂಗೇ ಬೇರೆ, ಆ ಕೂಗಿಗೆ ಮರಿ ಎಲ್ಲಿದ್ವೋ ಅಲ್ಲೇ ಪೊದೆ ಸೇರ್ಕೊಂಡು ಸದ್ದಿಲ್ಲದೆ ಕೂತ್ಬಿಡ್ತಾವೆ. ಬಲ್ಬಿನ ಕೆಳಗೆ ಬೆಳೆದ ಮರೀನ ಒಂದೂವರೆ ತಿಂಗಳಿಗೆ ಹೊರಗೆ ಬಿಟ್ರೆ ಹದ್ದು ಬಂದ್ರೂ ಮೇಲೆ ನೋಡ್ಕೊಂಡು ನಿಂತಿರ್ತಾವೆ, ಮುಂಗುಸಿ ಬಂದ್ರೂ ಅಷ್ಟೆ. ಮಷಿನ್ನಲ್ಲಿ ನಲವತ್ತು ಎದ್ದು ಇಪ್ಪತ್ತು ಉಳಿಯೋದು, ಕೋಳೀಲಿ ಹತ್ತು ಎದ್ದು ಏಳೆಂಟು ಉಳಿಯೋದು, ಹೀಗೆ ಆಗೋದು ಇದಕ್ಕೇ.

ಆದ್ರೆ ಮಷಿನ್ ಪರವಾಗಿ ಒಂದು ದೊಡ್ಡ ಮಾತಿದೆ, ಯಾರೂ ಹೇಳಲ್ಲ ಅದನ್ನ: ಲಸಿಕೆ. ಕೊಕ್ಕರೆ ರೋಗಕ್ಕೆ (ರಾಣಿಖೇತ್ ಅಂತಾರಲ್ಲ, ಅದು) ಮೊದಲ ವಾರ ಲಸೋಟಾ ಅನ್ನೋ ಲಸಿಕೆ ಕಣ್ಣಿಗೋ ಮೂಗಿಗೋ ಒಂದು ಹನಿ, ಎರಡನೇ ವಾರ ಗುಂಬೋರೋ ರೋಗದ ಲಸಿಕೆ, ನಾಲ್ಕನೇ ವಾರ ಇನ್ನೊಂದ್ಸಲ ಲಸೋಟಾ, ಎಂಟನೇ ವಾರದ ಸುಮಾರಿಗೆ ಕೊಕ್ಕರೆ ರೋಗಕ್ಕೇ ಆರ್2ಬಿ ಅನ್ನೋ ಚುಚ್ಚುಮದ್ದು. ಔಷಧಿ ಸೀಸೆ ನೂರು ಡೋಸಿಗೆ ಬರುತ್ತೆ, ಕಲಸಿದ್ಮೇಲೆ ಐಸಲ್ಲಿಟ್ಟು ಒಂದೆರಡು ಗಂಟೇಲಿ ಮುಗಿಸ್ಬೇಕು. ಈ ವಾರ ಒಂದು ಕೋಳಿಗೆ ಎಂಟು ಮರಿ, ಹದಿನೈದು ದಿನ ಬಿಟ್ಟು ಇನ್ನೊಂದಕ್ಕೆ ಹತ್ತು ಅಂತ ಆದ್ರೆ ಯಾರು ತಾನೆ ಪ್ರತೀ ಸಲ ಸೀಸೆ ಒಡೀತಾರೆ, ಹಾಗಾಗಿ ನಾಟಿ ಮರಿ ಲಸಿಕೆ ಇಲ್ಲದೇ ಬೆಳೆಯುತ್ತೆ, ಯುಗಾದಿ ಆಸುಪಾಸು ಊರಿಗೆ ರೋಗ ಬಂದಾಗ ಹಸಿರು ಭೇದಿ ಮಾಡ್ಕೊಂಡು, ಕತ್ತು ತಿರುಚ್ಕೊಂಡು ಗೂಡಿಗೆ ಗೂಡೇ ಖಾಲಿಯಾಗುತ್ತೆ. ಅದನ್ನ ಕಣ್ಣಾರೆ ನೋಡಿದ್ಮೇಲೆ ಲಸಿಕೆ ಬೇಡ ಅನ್ನೋ ಧೈರ್ಯ ನನಗಂತೂ ಇಲ್ಲ. ಒಂದೇ ದಿನ ನಲವತ್ತು ಮರಿ ಎದ್ರೆ, ಅಕ್ಕಪಕ್ಕದ ಮನೆಯವ್ರನ್ನೂ ಸೇರಿಸ್ಕೊಂಡ್ರೆ, ಒಂದು ಸೀಸೆ ಪೂರ್ತಿ ಉಪಯೋಗ ಆಗುತ್ತೆ.

ಮೂರನೇದು ಗಿರಿರಾಜ ಮರಿ ತರೋದು. ಇದರ ಬಗ್ಗೆ ಜಾಸ್ತಿ ಹೇಳೋದಿಲ್ಲ. 1989ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದೋರು ಹಿತ್ತಲ ಕೋಳಿಗೆ ಅಂತಲೇ ಮಾಡಿದ ತಳಿ, ಬಣ್ಣ ನಾಟಿ ಹಾಗೇ ಇರುತ್ತೆ, ತೂಕ ಬೇಗ ಬರುತ್ತೆ, ಮೊಟ್ಟೆ ನಾಟಿಗಿಂತ ಎರಡು ಪಾಲು. ಆಮೇಲೆ ಬಂದ ಸ್ವರ್ಣಧಾರ ಮೊಟ್ಟೇಲಿ ಇನ್ನೂ ಮುಂದು. ಮಾಂಸಕ್ಕೆ, ಮೊಟ್ಟೆಗೆ ಬೇಕು ಅಂದ್ರೆ ಇದೇ ಸರಿ. ಆದ್ರೆ ಇವು ಕಾವು ಕೂರಲ್ಲ, ಮನೇಲೇ ಇದರ ಮೊಟ್ಟೆ ಇಟ್ಟು ಮರಿ ಮಾಡಿದ್ರೆ ಮುಂದಿನ ಪೀಳಿಗೆ ಒಂದು ದಪ್ಪ, ಒಂದು ಸಣ್ಣ, ಒಂದೇ ಸಮ ಬರಲ್ಲ, ಮತ್ತೆ ಹೊಸ ಮರಿ ತರ್ಲೇಬೇಕು. ರಾತ್ರಿ ನಾಟಿ ಕೋಳಿ ಹಲಸಿನ ಮರ ಹತ್ತಿದ್ರೆ ಇವು ನೆಲದಲ್ಲೇ ನಿಂತಿರ್ತಾವೆ. ತಳಿ ಉಳಿಸ್ಕೋಬೇಕು ಅನ್ನೋ ಆಸೆ ಇರೋರಿಗೆ ಇದು ಆಗಿ ಬರಲ್ಲ.

ಈಗ ನಮ್ಮನೇಲಿ ನಡೀತಿರೋದು ಎರಡೂ ಸೇರಿಸಿದ ದಾರಿ. ಮೊಟ್ಟೆಯೆಲ್ಲ ಮಷಿನ್ನಿಗೆ. ಅದೇ ಹೊತ್ತಿಗೆ ಕಾವಿಗೆ ಬಂದ ಒಂದೋ ಎರಡೋ ಕೋಳೀನ ನಾಲ್ಕೈದು ಮೊಟ್ಟೆ ಮೇಲೆ ಕೂರಿಸಿರ್ತೀವಿ. ಮಷಿನ್ನಲ್ಲಿ ಮರಿ ಎದ್ದು ಮೈ ಒಣಗಿದ ದಿನ ರಾತ್ರಿ, ಲೈಟ್ ಹಾಕದೆ, ಒಂದೊಂದೇ ಮರೀನ ರೆಕ್ಕೆ ಕೆಳಗೆ ಸೇರಿಸ್ಬೇಕು. ಮೊದಲ ಸಲ ನಾನು ಮಾಡುವಾಗ ಅತ್ತೆ ಹಿಂದೆ ನಿಂತ್ಕೊಂಡು, "ಬೆರಳು ಮುಂದೆ ಮಾಡ್ಬೇಡ ಕಣವ್ವ, ಹಿಂದ್ಲಿಂದ ನೂಕು, ಪಿಳ್ಳೆ ಬಾಯಿ ಬಿಡೋ ಮುಂಚೆ ಒಳಗೆ ಹೋಗ್ಬೇಕು" ಅಂದ್ರು. ಮರಿ ಕಿಚ್ ಅಂದ ತಕ್ಷಣ ಕೋಳಿ ಗಂಟಲಲ್ಲೇ ಗುರ್ ಅಂದು, ಸ್ವಲ್ಪ ಎದ್ದು, ರೆಕ್ಕೆ ಅಗಲ ಮಾಡಿ ಮತ್ತೆ ಕೂರುತ್ತೆ. ಅಲ್ಲಿಗೆ ಒಪ್ಕೊಂತು ಅಂತ ಲೆಕ್ಕ. ಮರಿ ಒಂದೆರಡು ದಿನದೊಳಗಿನದೇ ಆಗಿರ್ಬೇಕು, ಹಗಲಲ್ಲಿ ಬಿಟ್ರೆ ಕುಕ್ಕಿ ಸಾಯಿಸುತ್ತೆ. ಒಂದು ಕೋಳಿಗೆ ಹದಿನೈದು ಮರಿವರೆಗೂ ಕೊಡ್ಬಹುದು, ಚಳಿ ಜಾಸ್ತಿ ಇದ್ರೆ ಅಷ್ಟು ಬೇಡ. ಲಸಿಕೆ ಎಲ್ಲಕ್ಕೂ ಒಂದೇ ದಿನ, ಸಾಕೋದು ಕೋಳಿ. ಕಾವಿಗೆ ಬಂದ ಮಿಕ್ಕ ಕೋಳೀನ ಗಾಳಿಯಾಡೋ ಪಂಜರದಲ್ಲಿ ನಾಲ್ಕು ದಿನ ಹುಲ್ಲಿಲ್ಲದೆ ಕೂಡಿಟ್ರೆ ಕಾವು ಇಳಿಯುತ್ತೆ, ಎರಡು ಮೂರು ವಾರದಲ್ಲಿ ಮತ್ತೆ ಮೊಟ್ಟೆಗೆ ಬರುತ್ತೆ.

ಒಂದು ಎಚ್ಚರಿಕೆ ಮಾತ್ರ. ಮಷಿನ್ ಇದೆ ಅಂತ ಯಾವ ಕೋಳಿ ಮೊಟ್ಟೆ ಸಿಕ್ಕಿದ್ರೆ ಅದನ್ನೇ ಇಡ್ತಾ ಹೋದ್ರೆ ಕಾವು ಕೂರೋ ಗುಣನೇ ಮನೆ ಕೋಳೀಲಿ ಕಮ್ಮಿಯಾಗ್ತಾ ಬರುತ್ತೆ, ಯಾಕಂದ್ರೆ ಅದು ವಂಶದಿಂದ ಬರೋ ಗುಣ. ಅದಕ್ಕೆ ಚೆನ್ನಾಗಿ ಕೂತು, ಮರಿ ಉಳಿಸ್ಕೊಂಡ ಕೋಳಿ ಮೊಟ್ಟೇಗೆ ಪೆನ್ಸಿಲಲ್ಲಿ ಗುರುತು ಹಾಕಿ ಅದರ ಹ್ಯಾಟೆ ಮರಿ ಮಾರೋದಿಲ್ಲ. ಹುಂಜ ಮಾತ್ರ ವರ್ಷಕ್ಕೊಂದ್ಸಲ ನಮ್ಮ ತವರೂರಿಂದ ಬದಲಾಯಿಸ್ಕೊಳ್ತೀವಿ, ಒಂದೇ ರಕ್ತ ಆಗಬಾರದು ಅಂತ. ಬೇರೆ ಊರಿಂದ ಬಂದ ಹುಂಜ ಹದಿನೈದು ದಿನ ಬೇರೆ ಕಡೆ ಕಟ್ಟಿದ್ಮೇಲೆನೇ ಗುಂಪಿಗೆ.

ಯಾವಾಗ ಇಡ್ಬೇಕು ಅಂತ ಕೇಳೋರಿಗೆ ನಮ್ಮ ಲೆಕ್ಕ ಇದು: ದಸರಾ ಹೊತ್ತಿಗೆ ಮೊಟ್ಟೆ ಮಷಿನ್ನಿಗೆ ಹೋಗ್ಬೇಕು. ಜೋರು ಮಳೆ ಮುಗಿಯೋ ಹೊತ್ತಿಗೆ ಮರಿ ಏಳ್ತಾವೆ, ರಾಗಿ ಕೊಯ್ಲಿನ ಕಾಲಕ್ಕೆ ಕಣದಲ್ಲಿ ಬಿದ್ದ ಕಾಳು ತಿನ್ನೋ ವಯಸ್ಸಿಗೆ ಬರ್ತಾವೆ, ರೋಗದ ಕಾಲಕ್ಕೆ ಮುಂಚೆ ಲಸಿಕೆಯೆಲ್ಲ ಮುಗಿದಿರುತ್ತೆ, ಹೊಸತೊಡಕಿಗೆ ಹುಂಜ ಕೇಳ್ಕೊಂಡು ಜನ ಮನೆ ಬಾಗಿಲಿಗೇ ಬರ್ತಾರೆ.