‘ಪೊಲೀಸರು ಬೇಡ ಅಂದ್ರು’ ಅಂತ ಬಾಯಲ್ಲಿ ಹೇಳಿದರೆ ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ. ‘ಕಲಾವಿದೆ ಕ್ಷಮೆ ಕೇಳಿದ್ದರಿಂದ ಶೋ ರದ್ದು’ ಅಂತ ಕಳೆದ ಶನಿವಾರ ರಾತ್ರಿಯಿಂದ ಎಲ್ಲರ ಫೋನಿನಲ್ಲಿ ಓಡಾಡುತ್ತಿರುವ ಆ ವೀಡಿಯೊದಲ್ಲಿ ಕೈಮುಗಿದು ಕೂತವಳು ನಾನೇ. ಅದು ಫೇಕ್, ಎಐನಲ್ಲಿ ಮಾಡಿದ್ದು ಅಂತ ನನ್ನ ಪರವಾಗಿ ಜಗಳ ಆಡುತ್ತಿರುವ ಗೆಳೆಯರೇ, ನಿಮ್ಮ ಪ್ರೀತಿ ದೊಡ್ಡದು. ಆದರೆ ಅದು ನನ್ನದೇ ಮುಖ, ನನ್ನದೇ ಸ್ವರ. ಅದನ್ನು ಹೇಗೆ ತೆಗೆಸಿಕೊಂಡರು, ತೆಗೆಸಿಕೊಂಡು ಎಂತ ಮಾಡಿದರು ಎನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ. ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡುವವರು, ಅದರಲ್ಲೂ ಈಗಷ್ಟೇ ಓಪನ್ ಮೈಕಿಗೆ ಬರುತ್ತಿರುವ ಹುಡುಗಿಯರು ದಯವಿಟ್ಟು ಪೂರ್ತಿ ಓದಿ. ನಾಲ್ಕು ದಿನದಿಂದ ಬರೆಯಬೇಕು ಅಂತ ಕೂತು ಕೂತು ಎದ್ದಿದ್ದೇನೆ. ನಾಚಿಕೆ ಆಗುತ್ತದೆ, ಅದಕ್ಕೆ.

ಆ ಶೋದ ಸಂಘಟಕರ ಹೆಸರು ಹಾಕುತ್ತಿಲ್ಲ. ವಕೀಲರು ಬೇಡ ಅಂದಿದ್ದಾರೆ. ಕೇಳಬೇಡಿ.

ನನ್ನ ಆ ವಾರ ಹೀಗಿತ್ತು. ಸೋಮವಾರ ಮಣಿಪಾಲದ ಒಂದು ಕೆಫೆಯಲ್ಲಿ ಓಪನ್ ಮೈಕ್. ಏಳು ನಿಮಿಷ, ದುಡ್ಡಿಲ್ಲ, ಹೊಸ ಜೋಕು ಪರೀಕ್ಷೆ ಮಾಡುವುದಕ್ಕೆ ಮಾತ್ರ. ಬುಧವಾರ ಸುರತ್ಕಲ್ ಕಡೆ ಒಂದು ಕಂಪನಿಯ ಫ್ಯಾಮಿಲಿ ಡೇ, ಅದರಿಂದ ಮನೆ ಬಾಡಿಗೆ ಹೋಗುತ್ತದೆ. ಗುರುವಾರ ಉಡುಪಿಯಲ್ಲಿ ವಿದ್ಯಾರ್ಥಿಗಳ ಜೊತೆ ವಾಕ್ ಸ್ವಾತಂತ್ರ್ಯದ ಬಗ್ಗೆ ಮಾತುಕತೆ. ಎರಡು ವರ್ಷದಿಂದ ಇದನ್ನು ಮಾಡುತ್ತಾ ಬಂದಿದ್ದೇನೆ, ಯಾರು ಕರೆದರೂ ಬಸ್ ಹತ್ತಿ ಹೋಗುತ್ತೇನೆ. ಶನಿವಾರ ಸಂಜೆ ಏಳಕ್ಕೆ ಮಂಗಳೂರಿನಲ್ಲಿ ನನ್ನ ಮೊದಲ ಒಂದು ಗಂಟೆಯ ಸೋಲೊ. ಟಿಕೆಟಿಗೆ 299 ರೂಪಾಯಿ. ಪೋಸ್ಟರಿನಲ್ಲಿ ನನ್ನ ಫೋಟೊ, ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘ವಾಕ್ ಸ್ವಾತಂತ್ರ್ಯಕ್ಕಾಗಿ ಒಂದು ಸಂಜೆ’. ಆ ಪೋಸ್ಟರ್ ನೋಡಿ ಅಮ್ಮ ಹತ್ತು ಜನರಿಗೆ ಫಾರ್ವರ್ಡ್ ಮಾಡಿದ್ದರು.

ಸಂಭಾವನೆ 18,000, ಅಡ್ವಾನ್ಸ್ 5,000 ಅಂತ ಮಾತಾಗಿತ್ತು. ಖಾತೆಗೆ ಬಂದದ್ದು 4,500. ಕೇಳಿದರೆ ‘ಹತ್ತು ಪರ್ಸೆಂಟ್ ಟಿಡಿಎಸ್ ಮೇಡಂ’ ಅಂದರು, ಅಂದರೆ ದುಡ್ಡು ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಅವರು ನನ್ನ ಪಾನ್ ನಂಬರೇ ಕೇಳಿರಲಿಲ್ಲ! ಪಾನ್ ಇಲ್ಲದೆ ಯಾರ ಹೆಸರಿನಲ್ಲಿ ಕಟ್ಟುತ್ತಾರೆ? ನಮ್ಮಂಥವರ ಸಂಭಾವನೆ ಒಬ್ಬರಿಂದ ವರ್ಷಕ್ಕೆ 50,000 ದಾಟುವವರೆಗೆ ಟಿಡಿಎಸ್ ಹಿಡಿಯಬೇಕಾದ ಅಗತ್ಯವೇ ಇಲ್ಲ, 2025ರ ಏಪ್ರಿಲಿನಿಂದ ಮಿತಿ ಅಷ್ಟು ಆಗಿದೆ. ನನಗೆ ಇದು ಗೊತ್ತಿತ್ತು. ಐನೂರು ರೂಪಾಯಿಗೆ ಎಂತಕ್ಕೆ ಬಾಯಿ ಕೆಡಿಸಿಕೊಳ್ಳುವುದು ಅಂತ ಸುಮ್ಮನಾದೆ. ಅಲ್ಲೇ ಎಚ್ಚರಾಗಬೇಕಿತ್ತು. ಆಮೇಲೆ ‘ಸ್ಪಾನ್ಸರಿಗೆ ತೋರಿಸ್ಲಿಕ್ಕುಂಟು’ ಅಂತ ಪೂರ್ತಿ ಸೆಟ್‌ನ ರೆಕಾರ್ಡಿಂಗ್ ಕೇಳಿದರು. ಕೊಟ್ಟೆ. ಅದೂ ತಪ್ಪು.

ಗುರುವಾರದ ಮಾತು ಹೇಳಲೇಬೇಕು, ಯಾಕೆಂದರೆ ನನಗೆ ಚುಚ್ಚುತ್ತಿರುವುದು ಅದೇ. ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿಯ ಬಗ್ಗೆ ಹೇಳಿದೆ, ಅದರ ಬೆನ್ನಿಗೇ ಇರುವ 19(2)ರ ನಿರ್ಬಂಧಗಳನ್ನೂ ಹೇಳಿದೆ. ಸ್ಟ್ಯಾಂಡ್‌ಅಪ್ ಕಲಾವಿದ ಮುನವ್ವರ್ ಫಾರೂಕಿಯನ್ನು 2021ರ ಜನವರಿ 1ರಂದು ಇಂದೋರಿನಲ್ಲಿ ಶೋದಿಂದಲೇ ಹಿಡಿದುಕೊಂಡು ಹೋದದ್ದು, ಸುಪ್ರೀಂ ಕೋರ್ಟಿನಿಂದ ಜಾಮೀನು ಸಿಗಲಿಕ್ಕೆ ಫೆಬ್ರವರಿ 5 ಆದದ್ದು, ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅವನ ಶೋ ಕೂಡ ನಿಂತದ್ದು, ಎಲ್ಲ ಹೇಳಿದೆ. 1989ರ ರಂಗರಾಜನ್ ತೀರ್ಪನ್ನು ಹೇಳಿದೆ. ಗಲಾಟೆ ಮಾಡುತ್ತೇವೆ ಅಂತ ಯಾರೋ ಹೆದರಿಸಿದ ಮಾತ್ರಕ್ಕೆ ಮಾತನ್ನು ನಿಲ್ಲಿಸುವ ಹಾಗಿಲ್ಲ, ಮಾತಾಡುವವರಿಗೆ ರಕ್ಷಣೆ ಕೊಡುವುದು ಸರ್ಕಾರದ ಕೆಲಸ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಯಕ್ಷಗಾನದ ಹಾಸ್ಯಗಾರ ರಾಜನ ಎದುರೇ ನಿಂತು ಊರಿನ ಸಂಗತಿ ಎತ್ತಿ ನಗಿಸುವುದನ್ನು ನೋಡಿ ಬೆಳೆದ ಜಿಲ್ಲೆ ನಮ್ಮದು ಅಂತಲೂ ಹೇಳಿದೆ. ಕೊನೆಗೆ ಒಬ್ಬಳು ಹುಡುಗಿ ಎದ್ದು ಕೇಳಿದಳು: ‘ಅಕ್ಕ, ನಿಮ್ಮ ಶೋವನ್ನು ಪೊಲೀಸರು ಬೇಡ ಅಂದ್ರೆ ಎಂತ ಮಾಡ್ತೀರಿ?’

‘ಬರವಣಿಗೆಯಲ್ಲಿ ಕೊಡಿ ಅಂತ ಕೇಳ್ತೇನೆ’ ಅಂದೆ. ಚಪ್ಪಾಳೆ ತಟ್ಟಿದರು.

ಅದು ಗುರುವಾರ. ಮಧ್ಯ ಒಂದು ಶುಕ್ರವಾರ.

ಶನಿವಾರ ಮಧ್ಯಾಹ್ನ ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೊರಟಿದ್ದೆ. ಮೂಲ್ಕಿ ದಾಟಿದ ಮೇಲೆ ಸಂಘಟಕರ ಫೋನ್. ‘ಮೇಡಂ ಎಲ್ಲಿದ್ದೀರಿ? ಹಾಲಿಗೆ ಹೋಗ್ಬೇಡಿ ಆಯ್ತಾ. ಸೀದಾ ಆಫೀಸಿಗೆ ಬನ್ನಿ.’ ಎಂತ ಆಯ್ತು ಅಂತ ಕೇಳಿದರೆ ‘ಫೋನಲ್ಲಿ ಬೇಡ’. ಲಾಲ್‌ಬಾಗಿನಲ್ಲಿ ಇಳಿದು ರಿಕ್ಷಾ ಮಾಡಿಕೊಂಡು ಹೋದೆ. ಇಬ್ಬರಿದ್ದರು. ಫ್ಲೆಕ್ಸ್‌ನಲ್ಲಿ ಮಾತ್ರ ಕಾಣಿಸಿಕೊಳ್ಳುವ ನಾಯಕರ ಬಗ್ಗೆ ನನ್ನದೊಂದು ನಾಲ್ಕು ನಿಮಿಷದ ಭಾಗ ಉಂಟು, ಅದರ ಮೇಲೆ ಕಂಪ್ಲೇಂಟ್ ಆಗಿದೆ, ಠಾಣೆಯಿಂದ ಫೋನ್ ಬಂದಿದೆ, ಹಾಲಿನ ಗೇಟಿನ ಹತ್ತಿರ ಇಪ್ಪತ್ತು ಮೂವತ್ತು ಹುಡುಗರು ಬೈಕಿನಲ್ಲಿ ಬಂದು ನಿಂತಿದ್ದಾರೆ ಅಂದರು.

ಬೇರೆ ಊರಿನವರಿಗೆ ಇದು ಅರ್ಥ ಆಗಲಿಕ್ಕಿಲ್ಲ. 2009ರ ಜನವರಿ 24ರಂದು ಇದೇ ಊರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ನಾನು ಟಿವಿಯಲ್ಲಿ ನೋಡುವಾಗ ಏಳನೇ ಕ್ಲಾಸು. 2012ರ ಜುಲೈಯಲ್ಲಿ ಹೋಮ್‌ಸ್ಟೇ ಮೇಲೆ ದಾಳಿ ಆದಾಗ ಪಿಯುಸಿ ಮೆಟ್ಟಿಲು ಹತ್ತುವ ಹೊತ್ತು. ಪಬ್ ಕೇಸಿನ ಆರೋಪಿಗಳು 2018ರಲ್ಲಿ ಖುಲಾಸೆ ಆದರು. ಇಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ‘ಗೇಟಿನ ಹತ್ತಿರ ಹುಡುಗರು ನಿಂತಿದ್ದಾರೆ’ ಅಂತ ಹೇಳಿದರೆ ಹೌದಾ ಅಂತ ಹೋಗಿ ನೋಡಿ ಬರಬೇಕು ಅಂತ ಅನಿಸುವುದಿಲ್ಲ. ಹೊಟ್ಟೆಯೊಳಗೆ ತಣ್ಣಗಾಗುತ್ತದೆ, ಅಷ್ಟೆ. ಅವರಿಗೆ ಅದು ಚೆನ್ನಾಗಿ ಗೊತ್ತಿತ್ತು.

‘ಒಂದು ಸಣ್ಣ ಸ್ಪಷ್ಟೀಕರಣ ರೆಕಾರ್ಡ್ ಮಾಡಿ ಕೊಡಿ ಮೇಡಂ. ಠಾಣೆಗೆ ತೋರಿಸ್ತೇವೆ, ಆ ಹುಡುಗರಿಗೆ ತೋರಿಸ್ತೇವೆ, ಶೋ ನಡೀತದೆ. ಎಲ್ಲಿಯೂ ಹಾಕುವುದಿಲ್ಲ, ನನ್ನ ಮಕ್ಕಳಾಣೆ.’

ಸದ್ದು ಬೀಳುತ್ತದೆ ಅಂತ ಫ್ಯಾನ್ ಬಂದ್ ಮಾಡಿದರು. ಕಿಟಕಿ ಹಾಕಿದರು. ನೀರಿನ ಬಾಟಲಿಗೆ ಫೋನ್ ಒರಗಿಸಿದರು. ಬಿಳಿ ಹಾಳೆಯಲ್ಲಿ ನೀಲಿ ಪೆನ್ನಿನಲ್ಲಿ ಆರು ಸಾಲು ಮೊದಲೇ ಬರೆದಿಟ್ಟಿದ್ದರು. ಮೊದಲೇ! ನಾನು ಬರುವ ಮುಂಚೆ! ಅದರಲ್ಲಿ ‘ಕ್ಷಮೆ ಯಾಚಿಸುತ್ತೇನೆ’ ಅಂತ ಇತ್ತು. ಅದನ್ನು ಹೇಳುವುದಿಲ್ಲ ಅಂತ ಹಟ ಹಿಡಿದು, ಅವರ ಎದುರೇ ಗೀಟು ಹಾಕಿ, ‘ಯಾರಿಗಾದರೂ ನೋವಾಗಿದ್ದರೆ ವಿಷಾದವಿದೆ’ ಅಂತ ಮಾಡಿದೆ. ಶುರುವಿನಲ್ಲಿ ‘ನನ್ನ ಮಾತಿನಲ್ಲಿ ತಪ್ಪಿದೆ ಅಂತ ನನಗೆ ಅನಿಸುವುದಿಲ್ಲ’ ಅನ್ನುವ ಸಾಲು ನಾನೇ ಸೇರಿಸಿದೆ. ಹೋರಾಡಿ ಉಳಿಸಿಕೊಂಡೆ ಅಂದುಕೊಂಡೆ. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಕೊನೆಗೆ ಆ ಮನುಷ್ಯ ‘ಕೈಮುಗಿದುಬಿಡಿ ಮೇಡಂ, ಚಂದ ಕಾಣ್ತದೆ’ ಅಂದ. ಮುಗಿದೆ. ಯಾಕೆ ಮುಗಿದೆ ಅಂತ ಇವತ್ತಿಗೂ ಗೊತ್ತಾಗುತ್ತಿಲ್ಲ. ಒಟ್ಟು 52 ಸೆಕೆಂಡ್.

ಆರು ಗಂಟೆಗೆ ಹತ್ತು ನಿಮಿಷ ಇರುವಾಗ ಒಳಗೆ ಬಂದು ‘ಇಲ್ಲ ಮೇಡಂ, ಪೊಲೀಸರು ಕೊನೆಗೂ ಬೇಡ ಅಂದ್ರು. ನಮಗೆ ನಿಮ್ಮ ಸೇಫ್ಟಿ ಮುಖ್ಯ’ ಅಂದರು. ರಿಕ್ಷಾ ಅವರೇ ಕರೆದು ಹತ್ತಿಸಿದರು. ನಾನು ‘ಥ್ಯಾಂಕ್ಸ್ ಸರ್’ ಅಂದೆ.

ಥ್ಯಾಂಕ್ಸ್ ಅಂದೆ ಮಾರಾಯ್ರೆ. ಅವರಿಗೆ!

ವಾಪಸ್ ಹೋಗುವಾಗ, ಪಡುಬಿದ್ರಿ ಹತ್ತಿರ, ಗೆಳತಿಯ ಮೆಸೇಜ್: ‘ಇದೆಂತದು?’ ವೀಡಿಯೊ. 38 ಸೆಕೆಂಡ್. ನನ್ನ ಮೊದಲ ಸಾಲು ಇಲ್ಲ. ಮೇಲೆ ಕ್ಯಾಪ್ಶನ್: ‘ಕಲಾವಿದೆ ಕ್ಷಮೆ ಕೇಳಿದ್ದರಿಂದ ಕಾರ್ಯಕ್ರಮ ರದ್ದಾಗಿದೆ. ಸಂಘಟಕರು ಜವಾಬ್ದಾರರಲ್ಲ. ಟಿಕೆಟ್ ಹಣ ಮರಳಿಸಲಾಗುವುದಿಲ್ಲ.’

ಸೋಮವಾರ ಬೆಳಿಗ್ಗೆ ಹಾಲಿಗೆ ಹೋದೆ. ಮ್ಯಾನೇಜರ್ ವಯಸ್ಸಾದವರು, ಪಾಪ, ಚಾ ಕೊಟ್ಟರು. ‘ಯಾವ ಹುಡುಗರು? ಯಾವ ಬೈಕು? ಶನಿವಾರ ಗೇಟೇ ತೆಗೀಲಿಲ್ಲ ಮಗಾ’ ಅಂದರು. ಬುಕಿಂಗ್ ಪುಸ್ತಕ ತೆಗೆದು ನನ್ನ ಕಡೆ ತಿರುಗಿಸಿದರು. ಶನಿವಾರದ ಸಾಲಿಗೆ ಅಡ್ಡ ಗೀಟು, ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ‘ಬಾಕಿ ಬಂದಿಲ್ಲ, ಕ್ಯಾನ್ಸಲ್’. ಅದರ ಕೆಳಗೆ ಗುರುವಾರದ ತಾರೀಕು. ಗುರುವಾರ! ನಾನು ಉಡುಪಿಯಲ್ಲಿ ಮೈಕ್ ಹಿಡಿದು ‘ಬರವಣಿಗೆಯಲ್ಲಿ ಕೇಳ್ತೇನೆ’ ಅನ್ನುತ್ತಿದ್ದ ದಿನವೇ ಹಾಲ್ ಕ್ಯಾನ್ಸಲ್ ಆಗಿತ್ತು. ಟಿಕೆಟ್ ಹೋದದ್ದು ಬರೀ 41. ಹಾಲಿನ ಬಾಕಿ, ಸೌಂಡಿನವರ ಬಾಡಿಗೆ, ನನ್ನ ಸಂಭಾವನೆ ಎಲ್ಲ ಸೇರಿದರೆ ಅವರಿಗೆ ನಷ್ಟ. ಶುಕ್ರವಾರ, ಶನಿವಾರ ಮಧ್ಯಾಹ್ನದವರೆಗೂ ಟಿಕೆಟ್ ಮಾರಿದ್ದಾರೆ.

ಅಲ್ಲಿಂದ ಠಾಣೆಗೆ. ಕಂಪ್ಲೇಂಟ್ ಇಲ್ಲ. ಯಾರೂ ಫೋನ್ ಮಾಡಿಲ್ಲ. ಮೈಕ್ ಪರ್ಮಿಶನ್ನಿಗೆ ಅರ್ಜಿಯೇ ಬಂದಿಲ್ಲ. ಡ್ಯೂಟಿಯಲ್ಲಿದ್ದವರು ‘ನಮ್ಮ ಹೆಸರು ಹೇಳಿದ್ರಾ?’ ಅಂತ ಎರಡು ಸಲ ಕೇಳಿದರು.

ಸಂಘಟಕರಿಗೆ ಫೋನ್ ಮಾಡಿದೆ. ತೆಗೆಯಲಿಲ್ಲ. ಆಮೇಲೆ ವಾಟ್ಸ್ಆ್ಯಪಿನಲ್ಲಿ ಉತ್ತರ ಬಂತು, ಹಾಗೆಯೇ ಹಾಕುತ್ತಿದ್ದೇನೆ. ಮೊದಲನೆಯದು: ‘ಮೇಡಂ ನೀವು ಎಮೋಷನಲ್ ಆಗಿದ್ದೀರಿ.’ ಎರಡನೆಯದು: ‘ಠಾಣೆ ಅಂದ್ರೆ ಆ ಠಾಣೆ ಅಲ್ಲ.’ ಯಾವ ಠಾಣೆ ಅಂತ ಕೇಳಿದ್ದಕ್ಕೆ ಎರಡು ನೀಲಿ ಟಿಕ್ ಬಿದ್ದು ಸುಮ್ಮನಾಯಿತು. ವೀಡಿಯೊ ತೆಗೀರಿ ಅಂದದ್ದಕ್ಕೆ ‘ನೀವೇ ಒಪ್ಪಿ ಕೂತಿದ್ದೀರಲ್ಲ, ನಾವು ಕೈ ಹಿಡಿದು ಎಳೆದಿದ್ದೇವಾ?’ ಬಾಕಿ ದುಡ್ಡು ಕೇಳಿದ್ದಕ್ಕೆ ‘ಶೋ ಆಗದೆ ಎಂತ ಪೇಮೆಂಟ್?’ ನಿನ್ನೆ ರಾತ್ರಿ ಇನ್ನೊಂದು: ‘ಈ ವೀಡಿಯೊದಿಂದ ನಿಮಗೇ ಪಬ್ಲಿಸಿಟಿ ಬಂತಲ್ಲ. ಮುಂದಿನ ತಿಂಗಳು ದೊಡ್ಡ ಶೋ ಮಾಡುವ, ರೇಟ್ ಸ್ವಲ್ಪ ಕಮ್ಮಿ ಮಾಡಿ.’ ಇದನ್ನು ಓದಿ ಫೋನ್ ಹಾಸಿಗೆ ಮೇಲೆ ಎಸೆದೆ.

ದುಡ್ಡು ಹೋಗಲಿ. ನಿಜವಾಗಿ ಬೆದರಿಕೆ ಬಂದು, ನಿಜವಾಗಿ ಜೈಲಿಗೆ ಹೋದವರು ಇದ್ದಾರೆ. 2025ರ ಮಾರ್ಚಿನಲ್ಲಿ ಸ್ಟ್ಯಾಂಡ್‌ಅಪ್ ಕಲಾವಿದ ಕುನಾಲ್ ಕಾಮ್ರಾ ಮಾತಾಡಿದ ಮುಂಬೈನ ಜಾಗವನ್ನು ನುಗ್ಗಿ ಪುಡಿ ಮಾಡಿದ್ದು ಎಲ್ಲರೂ ನೋಡಿದ್ದೇವೆ. ಅಂಥ ಭಯವನ್ನು ಇವರು ಹಾಲಿನ ಬಾಡಿಗೆ ಉಳಿಸಲಿಕ್ಕೆ ಬಳಸಿದರು. ನಾಳೆ ನಮ್ಮಲ್ಲಿ ಯಾರಿಗಾದರೂ ನಿಜವಾಗಿಯೂ ಶೋ ನಿಲ್ಲಿಸಿ ಅಂತ ಒತ್ತಡ ಬಂದರೆ ಜನ ಎಂತ ಹೇಳುತ್ತಾರೆ? ‘ಟಿಕೆಟ್ ಹೋಗಿರ್ಲಿಕ್ಕಿಲ್ಲ’ ಅಂತ ಹೇಳುತ್ತಾರೆ. ಆ ಗುರುವಾರದ ಹುಡುಗಿ ವೀಡಿಯೊ ನೋಡಿದ್ದಾಳೆ. ‘ಅಕ್ಕ, ನೀವೂ?’ ಅಂತ ಎರಡೇ ಶಬ್ದ ಕಳಿಸಿದಳು. ಅವಳಿಗೆ ಇನ್ನೂ ಉತ್ತರ ಬರೆದಿಲ್ಲ.

ಹಾಗಾಗಿ, ಪೊಲೀಸರು ಬೇಡ ಅಂದ್ರು ಅಂತ ಯಾರೇ ಹೇಳಲಿ, ಕಾಗದ ತೋರಿಸಿ ಅನ್ನಿ. ಕಾಗದ ಇಲ್ಲದಿದ್ದರೆ ಠಾಣೆಗೆ ನೀವೇ ಹೋಗಿ, ಒಬ್ಬರನ್ನು ಜೊತೆಗೆ ಕರೆದುಕೊಂಡು. ಹಾಲಿಗೆ ಹೋಗಬೇಡಿ ಅಂದರೆ ಹಾಲಿಗೇ ಫೋನ್ ಮಾಡಿ. ಸ್ಪಷ್ಟೀಕರಣದ ವೀಡಿಯೊ ಮಾತ್ರ ಕೊಡಬೇಡಿ. ಯಾರ ಆಣೆ ಹಾಕಿದರೂ ಕೊಡಬೇಡಿ, ಎಷ್ಟು ಸಾಲು ತಿದ್ದಿಸಿದರೂ ಕೊಡಬೇಡಿ, ಕತ್ತರಿ ಅವರ ಕೈಯಲ್ಲೇ ಇರುವುದು. ದುಡ್ಡು ಪೂರ್ತಿ ಬಂದ ಮೇಲೆ ಪೋಸ್ಟರಿಗೆ ಫೋಟೊ ಕೊಡಿ.

ಆ 41 ಜನರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ 299 ರೂಪಾಯಿ ನಾನು ಇಟ್ಟುಕೊಂಡಿಲ್ಲ. ಆದರೂ ನನ್ನ ಮುಖ ನೋಡಿ ಕೊಟ್ಟ ದುಡ್ಡು ಅದು, ನನಗೆ ಗೊತ್ತು. ಟಿಕೆಟಿನ ಸ್ಕ್ರೀನ್‌ಶಾಟ್, ಯುಪಿಐ ರಸೀದಿ ಡಿಲೀಟ್ ಮಾಡಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೀವೂ ದೂರು ಬರೆಸಿ, ಒಂದು ಪ್ರತಿ ನನಗೆ ಮೆಸೇಜ್ ಮಾಡಿ. ಇಲ್ಲಿವರೆಗೆ ಒಂಬತ್ತು ಬಂದಿವೆ. ಶುಕ್ರವಾರ ವಕೀಲರ ಹತ್ತಿರ ಹೋಗುವವಳಿದ್ದೇನೆ, ಅದರ ಮುಂಚೆ ಕಳಿಸಿ.